ಬಿಳಿಗಣ್ಣಿನ ರಾಜಕುಮಾರಿಯರು

ಏಳು ಕಬ್ಬಿನ ಗದ್ದೆ, ಏಳು ನಾಲೆ ದಾಟಿದರೆ ಒಂದು ಗಾಜಿನ ಅರಮನೆ ಇತ್ತಂತೆ. ಅದರ ನೆಲವೆಲ್ಲ ಬೆಲ್ಲ, ಸೂರೆಲ್ಲ ಹತ್ತಿ. ಒಳಗೆ ಹಾಲಿನಷ್ಟು ಬೆಳ್ಳಗಿನ ಕಣ್ಣಿನ ರಾಜಕುಮಾರಿಯರು. ಹುಟ್ಟಿದಾಗಿನಿಂದ ಒಬ್ಬ ಗಂಡಿನ ನೆರಳೂ ಅವರ ಮೇಲೆ ಬಿದ್ದಿರಲಿಲ್ಲವಂತೆ. ಹಳೇ ಕಾಲದ ಕತೆಯಾಗಿದ್ದರೆ ಅವರ ಕಾವಲಿಗೆ ಕೋರೆಹಲ್ಲಿನ ರಾಕ್ಷಸನೊಬ್ಬ ಇರುತ್ತಿದ್ದ. ಇದು ಈಗಿನ ಕತೆಯಾದ್ದರಿಂದ ಕಾವಲಿಗಿದ್ದವನ ಕೈಯಲ್ಲಿ ಒಂದು ಚಿತ್ರ ಬಿಡಿಸುವ ಕುಂಚ, ಜೇಬಿನಲ್ಲಿ ಒಂದು ಬಸ್ ಪಾಸು, ಅಷ್ಟೆ.

ಅವನ ಹೆಸರು ಪ್ರಸನ್ನ. ಮಳವಳ್ಳಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕ. ವರ್ಷಗಳಿಂದ ಅತಿಥಿಯಾಗಿಯೇ ಉಳಿದಿದ್ದವನು. ಮದುವೆಯಾಗದ ಗಂಡಸಿಗೆ, ಅದರಲ್ಲೂ ನೊಣ ಸಾಕುವ ಗಂಡಸಿಗೆ, ಮಳವಳ್ಳಿಯಲ್ಲಿ ಯಾರೂ ಮನೆ ಕೊಡಲಿಲ್ಲ. ಕೊನೆಗೆ ಮದ್ದೂರಿನಲ್ಲಿ ಸಣ್ಣತಾಯಮ್ಮ ಎಂಬ ಮುದುಕಿ ತನ್ನ ಹಿತ್ತಲ ಕೋಣೆ ಕೊಟ್ಟಿದ್ದಳು.

ಅರಮನೆಯೆಂದರೆ ಆ ಕೋಣೆಯ ಕಿಟಕಿಯಲ್ಲಿದ್ದ ಅಗಲ ಬಾಯಿಯ ಗಾಜಿನ ಸೀಸೆ. ರಾಜಕುಮಾರಿಯರೆಂದರೆ ಹಣ್ಣುನೊಣಗಳು, ಬಾಳೆಹಣ್ಣು ಕಳಿತರೆ ಎಲ್ಲಿಂದಲೋ ಬಂದು ಮುತ್ತುವ ಎಳ್ಳಿನಷ್ಟು ಗಾತ್ರದ ಹುಳ. ಅವುಗಳ ಕಣ್ಣು ಸಾಮಾನ್ಯವಾಗಿ ಕೆಂಪು. ಬಿಳಿಗಣ್ಣಿನವು ಅಪರೂಪ. ಅವುಗಳಲ್ಲೂ ಗಂಡಿನ ಸಹವಾಸ ಕಾಣದ ಹೆಣ್ಣುಗಳನ್ನು ಕೂಡಿಸುವುದೆಂದರೆ ತಪಸ್ಸು. ಕೋಶದಿಂದ ಹೊರಬಂದ ಎಂಟು ಗಂಟೆಯೊಳಗೆ ಹೆಣ್ಣನ್ನು ಕುಂಚದ ತುದಿಯಲ್ಲಿ ಎತ್ತಿ ಬೇರೆ ಸೀಸೆಗೆ ಹಾಕಬೇಕು. ಹದಿನೈದು ದಿನದಿಂದ ಪ್ರಸನ್ನ ಅದನ್ನೇ ಮಾಡುತ್ತಿದ್ದ. ವಾರಕ್ಕೊಮ್ಮೆ ರವೆ, ಬೆಲ್ಲ, ಹೆಪ್ಪುಗಟ್ಟಲು ಕಡಲಪಾಚಿಯ ಅಗರ್ ಪುಡಿ ಹಾಕಿ ಅವುಗಳ ಊಟ ಬೇಯಿಸುತ್ತಿದ್ದ. ಘಮಲು ಬೀದಿಗೆಲ್ಲ ಹರಡುತ್ತಿತ್ತು.

"ನೊಣುಕ್ಕೆ ಸಜ್ಜಿಗೆ, ನಿನ್ಗೆ ಮೂರೊತ್ತೂ ತಿಳಿಸಾರು. ಇದ್ಯಾವ ಸೀಮೆ ನ್ಯಾಯ ಕಣಪ್ಪ?" ಎನ್ನುತ್ತಿದ್ದಳು ಸಣ್ಣತಾಯಮ್ಮ. ಎಲೆಅಡಿಕೆ ಮೆಲ್ಲುತ್ತ ಹೊಸ್ತಿಲ ಮೇಲೆ ಕೂತು, ಅವನು ಒಂದು ಸೀಸೆಯ ಬಾಯಿಗೆ ಇನ್ನೊಂದರ ಬಾಯಿಯಿಟ್ಟು, ತಟ್ಟಿ ತಟ್ಟಿ ಹುಳ ದಾಟಿಸುವುದನ್ನು ದಿನವೂ ನೋಡುತ್ತಿದ್ದಳು. "ಈ ಸೀಸೇಲಿ ಎಲ್ಲಾ ಎಣ್ಣು, ಆ ಸೀಸೇಲಿ ಎಲ್ಲಾ ಗಂಡು ಅಂತೀಯ. ವಯಸ್ಸಿಗ್ ಬಂದಿರೋ ಎಣ್ಮಕ್ಳನ್ನ ಇಂಗೆ ಕೂಡಾಕುದ್ರೆ ಸಾಪ ತಟ್ದೆ ಇದ್ದದಾ? ಅದ್ಕೇಯ ನಿನ್ಗೆ ಎಲ್ಲೂ ಎಣ್ಣು ಗೊತ್ತಾಗ್ತಿಲ್ಲ."

ಪ್ರಸನ್ನ ನಗುತ್ತಿದ್ದ. ಅವನ ಎದೆಯಲ್ಲಿದ್ದುದು ಬೇರೆ.

ಮಂಡ್ಯದ ಇನ್ನೊಂದು ಕಾಲೇಜಿನಲ್ಲಿ ಅದೇ ವಿಷಯ ಕಲಿಸುವ ವನಜಾ, ಒಮ್ಮೆ ಉತ್ತರಪತ್ರಿಕೆ ತಿದ್ದುವಾಗ ಅವನ ಪಕ್ಕದ ಮೇಜಿನಲ್ಲಿ ಕೂತಿದ್ದಳು. ನೊಣದ ಬಗ್ಗೆ ಅವನು ಆಡಿದ ಮಾತನ್ನು ಕೊನೆಯವರೆಗೂ ಕೇಳಿದ ಏಕೈಕ ಜೀವ ಅವಳೇ. "ನಮ್ಮ ಮಕ್ಕಳು ಬಿಳಿಗಣ್ಣಿನ ನೊಣ ಪುಸ್ತಕದಲ್ಲಿ ಮಾತ್ರ ನೋಡಿರೋದು ಸರ್" ಎಂದಿದ್ದಳು. "ನಾನು ತಂದುಕೊಡ್ತೀನಿ ಮೇಡಂ" ಎಂದು ಇವನು ಮಾತು ಕೊಟ್ಟುಬಿಟ್ಟಿದ್ದ.

ವನಜಾಳ ತರಗತಿಗೆ ಬೇಕಿದ್ದುದು ಇಷ್ಟು. ಬಿಳಿಗಣ್ಣಿನ ಹೆಣ್ಣನ್ನು ಕೆಂಗಣ್ಣಿನ ಗಂಡಿನೊಂದಿಗೆ ಕೂಡಿಸಬೇಕು. ಕಣ್ಣಿನ ಬಣ್ಣದ ಆ ಜೀನು ಎಕ್ಸ್ ಎಂಬ ವರ್ಣತಂತುವಿನ ತುದಿಯಲ್ಲಿ ಕೂತಿರುತ್ತದೆ. ಗಂಡುಮಗನಿಗೆ ಎಕ್ಸ್ ಬರುವುದು ತಾಯಿಯಿಂದ ಮಾತ್ರ, ಹಾಗಾಗಿ ಹುಟ್ಟುವ ಗಂಡುಗಳಿಗೆಲ್ಲ ತಾಯಿಯ ಬಿಳಿಗಣ್ಣು. ಹೆಣ್ಣುಮಕ್ಕಳಿಗೆ ತಂದೆಯದೂ ಒಂದು ಎಕ್ಸ್ ಸಿಗುವುದರಿಂದ ಅವಕ್ಕೆಲ್ಲ ಅಪ್ಪನ ಕೆಂಗಣ್ಣು. ಆದರೆ ಹೆಣ್ಣು ಒಮ್ಮೆ ಯಾವುದೋ ಗಂಡನ್ನು ಸೇರಿತೋ, ಅದರ ಬೀಜವನ್ನು ಹೊಟ್ಟೆಯಲ್ಲಿ ಕೂಡಿಟ್ಟುಕೊಂಡುಬಿಡುತ್ತದೆ. ಅದಕ್ಕೇ ಈ ಅಂತಃಪುರದ ಕಾವಲು.

"ಗಂಡುಗಳನ್ನೂ ಬೇರೆ ಮಾಡಿ ತರ್ತೀರಾ ಸರ್?" ಎಂದು ವನಜಾ ಫೋನಿನಲ್ಲಿ ಕೇಳಿದ್ದಳು.

"ಇಲ್ಲ ಮೇಡಂ, ನಿಮ್ಮ ಹತ್ತಿರ ಇರೋ ಹುಳದಲ್ಲೇ ಆರಿಸಿಕೊಂಡರಾಯ್ತು. ಇಬ್ಬರೂ ಕೂತು ಮಾಡೋಣ. ಒಂದು ಮಧ್ಯಾಹ್ನದ ಕೆಲಸ."

ಹೀಗೆ ಹೇಳುವಾಗ ಆರಿಸಿಟ್ಟ ಕೆಂಗಣ್ಣಿನ ಗಂಡುಗಳು ಕಿಟಕಿಯ ಎರಡನೇ ಸೀಸೆಯಲ್ಲಿ ಮೀಸೆ ತಿರುವುತ್ತ ಕೂತಿದ್ದವು. ಅವನ್ನೂ ಒಯ್ದರೆ ಎರಡು ಸೀಸೆ ತಟ್ಟಿದರೆ ಮುಗಿಯಿತು, ಐದು ನಿಮಿಷದ ಕೆಲಸ. ಮನೆಯಲ್ಲೇ ಬಿಟ್ಟು ಹೋದರೆ ಒಂದೇ ಸೂಕ್ಷ್ಮದರ್ಶಕದ ಮುಂದೆ ವನಜಾಳ ಪಕ್ಕ ಇಡೀ ಮಧ್ಯಾಹ್ನ. ಆ ಮಧ್ಯಾಹ್ನಕ್ಕಾಗಿ ಒಂದು ಮಾತನ್ನೂ ಅವನು ಬಾಯಿಪಾಠ ಮಾಡಿಕೊಂಡಿದ್ದ.

ಹೊರಡುವ ದಿನ ಬೆಳಿಗ್ಗೆ ಅವನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಸಣ್ಣತಾಯಮ್ಮ ಹೆಣ್ಣುಸೀಸೆಗೆ ಹಳೇ ಪಂಚೆಯ ಒದ್ದೆ ತುಂಡನ್ನು ಸುತ್ತಿ ಸಿದ್ಧ ಮಾಡಿದ್ದಳು.

"ಬಿಸ್ಲು ಕಣಪ್ಪ. ತಂಪಾಗಿರ್ಲಿ ಅಂತ ಸುತ್ತಿವ್ನಿ. ಕತ್ತಿಗೆ ಒಂದು ಅರಿಶಿಣದ ದಾರಾನೂ ಕಟ್ಟಿವ್ನಿ. ದಾರೀಲಿ ಬಿಚ್ಬೇಡ, ಒಳ್ಳೇದಲ್ಲ."

ಪ್ರಯಾಣಕ್ಕೆ ರಕ್ಷೆ ಎಂದುಕೊಂಡ ಪ್ರಸನ್ನ. ಬಿಸಿಲಿಗೆ ಹುಳ ಸಾಯುವುದೂ ನಿಜವೇ. ಮುದುಕಿಗೆ ತನ್ನ ಮೇಲೆ ಇಷ್ಟು ಅಕ್ಕರೆಯೇ ಎನಿಸಿತು.

"ಸಂಜೆ ಬರೋವಾಗ ಮಂಡ್ಯದಿಂದ ಅರ್ಧ ಕೇಜಿ ಲಾಡು ತತ್ತೀಯಾ? ಮರೀಬಾರ್ದು. ಮಾತ್ ಕೊಡು."

"ತರ್ತೀನಜ್ಜಿ. ಏನು ವಿಶೇಷ?"

"ತಕೊಂಡ್ ಬಾ, ಯೋಳ್ತೀನಿ."

ಮೊದಲು ಕಾಲೇಜಿಗೆಂದು ಹತ್ತಿದ ಮಳವಳ್ಳಿ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೀಸೆಯನ್ನು ಎದೆಗವುಚಿಕೊಂಡು ನಿಂತವನನ್ನೂ ಒದ್ದೆ ಬಿಳಿ ಬಟ್ಟೆಯ ಗಂಟನ್ನೂ ಪಟ್ಟಲಮ್ಮ ಎಂಬ ಹೆಂಗಸು ತಿರುತಿರುಗಿ ನೋಡಿ, ಪಕ್ಕದವಳನ್ನು ಎಬ್ಬಿಸಿ ಜಾಗ ಮಾಡಿಸಿದಳು.

"ಕೂತ್ಕೊಳಪ್ಪ. ನಿಂತ್ಕೊಂಡು ಓಗೋದಲ್ಲ ಇದು. ಒಳೆಗೆ ಬುಡಕ್ಕಾ?"

"ಇಲ್ಲಮ್ಮ, ಮಂಡ್ಯಕ್ಕೆ ತಲುಪಿಸಬೇಕು."

"ಎಲ್ಲಿಗೋ ಒಂದು ಕಡೆ ಸೇರುಸ್ಲೇಬೇಕಲ್ಲಪ್ಪ. ಎಣ್ಣಾ, ಗಂಡಾ?"

ಇಷ್ಟು ಕಾಳಜಿಯಿಂದ ಯಾರೂ ಅವನ ಹುಳಗಳನ್ನು ವಿಚಾರಿಸಿರಲಿಲ್ಲ. ಪ್ರಸನ್ನನ ಮುಖ ಅರಳಿತು. "ಎಲ್ಲಾ ಹೆಣ್ಣೇ."

"ಎಲ್ಲಾ ಅಂದ್ರೆ? ಎಷ್ಟ್ ಜನವಪ್ಪ?"

"ಒಂದು ಅರವತ್ತು ಇರಬಹುದು."

ಪಟ್ಟಲಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. ಮುಂದಿನ ಸೀಟಿನವರು ಹಿಂದೆ ತಿರುಗಿದರು. "ಅರುವತ್ತು ಎಣ್ಮಕ್ಳು! ನಮ್ ಮದ್ದೂರಲ್ಲಾ? ಒಂದ್ ಸುದ್ದೀನೂ ಬರ್ಲಿಲ್ವಲ್ಲೇ ವಾರ್ತೇಲಿ!"

ಗಂಟನ್ನು ಜನ ಏನೆಂದುಕೊಂಡಿದ್ದಾರೆಂದು ಪ್ರಸನ್ನನಿಗೆ ಹೊಳೆದದ್ದೇ ಆಗ. "ಅಯ್ಯೋ, ಅಸ್ಥಿ ಅಲ್ಲಮ್ಮ! ನೊಣಗಳು. ಬರೀ ನೊಣಗಳು!"

"ಊ ಕಣಪ್ಪ" ಎಂದು ಪಟ್ಟಲಮ್ಮ ಸೆರಗಿನಿಂದ ಕಣ್ಣೊರಸಿಕೊಂಡಳು. "ನಮ್ಮೆಲ್ರದ್ದೂ ನೊಣುದ್ ಬಾಳೇಯ. ಇವತ್ತಿದ್ದು ನಾಳೆ ಇಲ್ಲ." ಆಮೇಲೆ ಪಕ್ಕದವಳ ಕಿವಿಯಲ್ಲಿ, ಇಡೀ ಬಸ್ಸಿಗೆ ಕೇಳುವಂತೆ, "ದುಕ್ಕುಕ್ಕೆ ತಲೆ ನಿಂತಿಲ್ಲ ಪಾಪ" ಎಂದಳು.

ಕಂಡಕ್ಟರ್ ಸಿದ್ದರಾಮು ಬಂದವನು ಸೀಸೆಯ ಮುಂದೆ ಟೋಪಿ ತೆಗೆದ. ಲಗೇಜಿನ ಟಿಕೆಟ್ ಹರಿಯಲು ಕೈ ಬರಲಿಲ್ಲ. "ಬುಡಿ ಸಾರ್, ಎಂಗಸ್ರಿಗೆ ಎಂಗೂ ಫ್ರೀ. ಅವ್ರ್ನ ಈಗ ಎಲ್ಲಿ ಆಧಾರ್ ಕೇಳಾನ."

ಇಳಿಯುವಾಗ ಪಟ್ಟಲಮ್ಮ ತನ್ನ ಚೀಲದಿಂದ ಎರಡು ಬಾಳೆಹಣ್ಣು ತೆಗೆದು ಅವನ ಕೈಗಿಟ್ಟಳು. "ಒಟ್ಟೆಗೆ ಏನಾರ ತಿನ್ನಪ್ಪ. ಒಬ್ನೇ ಆದೆ ಅಂತ ಉಪಾಸ ಬೀಳ್ಬೇಡ." ನಿಜ ಹೇಳಹೊರಟಿದ್ದ ಪ್ರಸನ್ನ ಹಣ್ಣು ತೆಗೆದುಕೊಂಡ. ತಿನ್ನು ಎಂದು ಯಾರಾದರೂ ಹೇಳಿ ಎಷ್ಟು ಕಾಲವಾಗಿತ್ತೋ. ಸುಳ್ಳು ಸಾವಿನ ಹೆಸರಿನಲ್ಲಾದರೂ ಆ ಮಾತು ಇರಲಿ ಎನಿಸಿತು.

ಕಾಲೇಜಿನಲ್ಲಿ ಸಹಿ ಹಾಕಿ ಹತ್ತೂವರೆಯ ಬಸ್ಸು ಹಿಡಿಯುವುದೆಂದು ಅವನ ಲೆಕ್ಕ. ಸ್ಟಾಫ್ ರೂಮಿನಲ್ಲಿ ಕನ್ನಡ ಮೇಡಂ ಇಂದ್ರಮ್ಮ, "ಏನ್ರೀ ಪ್ರಸನ್ನ, ಅಂತಃಪುರ ಇವತ್ತು ಟೂರಾ?" ಎಂದು ನಗುತ್ತಿರುವಾಗಲೇ ಪ್ರಿನ್ಸಿಪಾಲರು ಒಳಗೆ ಬಂದರು.

"ಪ್ರಸನ್ನ, ಸಸ್ಯಶಾಸ್ತ್ರದವರು ಬಂದಿಲ್ಲ. ಅವರ ಎರಡು ಕ್ಲಾಸೂ ನೀವೇ ತಗೊಂಡುಬಿಡಿ."

"ಸರ್, ಇವತ್ತು ಮಂಡ್ಯಕ್ಕೆ ಹೋಗಬೇಕಿತ್ತು, ಪರ್ಮಿಷನ್..."

"ಹೋಗಿ, ಯಾರು ಬೇಡ ಅಂದ್ರು? ಕ್ಲಾಸ್ ಮುಗಿಸಿ ಹೋಗಿ. ನಿಮಗೇನ್ರೀ, ಮನೇಲಿ ಕಾಯೋರಿಲ್ಲ, ಕೂಗೋರಿಲ್ಲ."

ಎರಡೂ ತರಗತಿ ಮುಗಿಸಿ, ಕೈಯ ಸೀಮೆಸುಣ್ಣವನ್ನೂ ಒರೆಸಿಕೊಳ್ಳದೆ ಓಡಿ ಬಂದರೆ ಮೇಜಿನ ಮೇಲೆ ಸೀಸೆ ಇರಲಿಲ್ಲ. ಇಂದ್ರಮ್ಮನವರನ್ನು ಕೇಳಿದ, ಬೀರುವಿನ ಹಿಂದೆ ಹುಡುಕಿದ, ಕೊನೆಗೆ ಬಾಗಿಲಲ್ಲಿ ಅಟೆಂಡರ್ ಅಪ್ಪಾಜಿ ಸಿಕ್ಕ.

"ಆ ಬಟ್ಟೆ ಸುತ್ತಿದ್ದ ಡಬ್ಬಾನಾ ಸಾರ್? ಬೆಲ್ಲದ್ ವಾಸ್ನೆ ಬತ್ತಿತ್ತು. ಇರ್ವೆ ಮುತ್ಕತವೆ, ಸಜ್ಜಿಗೆ ಕೆಡ್ತದೆ ಅಂತ ಕೆಮಿಸ್ಟ್ರಿ ಫ್ರಿಜ್ಜಲ್ಲಿ ಮಡಗಿವ್ನಿ."

ಪ್ರಸನ್ನ ಫ್ರಿಜ್ಜಿನ ಬಾಗಿಲು ಕಿತ್ತಂತೆ ತೆಗೆದ. ಮಂಜಿನ ತುಂಡಿನಂತಾಗಿದ್ದ ಸೀಸೆಯ ಬುಡದಲ್ಲಿ ಬಟ್ಟೆಯ ಅಂಚನ್ನು ಒಂಚೂರು ಎತ್ತಿದ. ಬೆಲ್ಲದ ನೆಲದ ಮೇಲೆ ಕಾಲು ಮೇಲಾಗಿ ಬಿದ್ದ ಪುಟ್ಟ ಪುಟ್ಟ ಮೈಗಳು, ಬಿಳಿಗಣ್ಣುಗಳು. ಕಣ್ಣು ತುಂಬಿ ಬಂದು ಮುಂದಿನದು ಕಾಣಲಿಲ್ಲ. ಬಟ್ಟೆ ಕೆಳಗೆಳೆದ.

"ಸತ್ತವಾ ಸಾರ್?" ಎಂದ ಅಪ್ಪಾಜಿ, ತಪ್ಪಾಯಿತೆಂದು ಹೊಳೆದು.

"ಚಳಿಗೆ ಮೂರ್ಛೆ ಹೋಗಿರಬಹುದು. ಬಿಸಿ ಸಿಕ್ಕರೆ ಏಳಬಹುದು."

"ಬಿಸ್ನೀರ್ ಕಾಯ್ಸ್ಲಾ?"

ಬೇಡವೆಂದು ಪ್ರಸನ್ನ ಅಂಗಿಯ ಎರಡು ಗುಂಡಿ ಬಿಚ್ಚಿ ಸೀಸೆಯನ್ನು ಎದೆಯ ಒಳಗಿಟ್ಟುಕೊಂಡ. ಹಾಗೇ ಮಂಡ್ಯದ ಬಸ್ಸು ಹತ್ತಿದ, ತುಂಬು ಬಸುರಿಯಂತೆ. ಈ ಬಸ್ಸಿನಲ್ಲಿ ಯಾರೂ ಅವನನ್ನು ಮಾತಾಡಿಸಲಿಲ್ಲ. ಭಾರತೀನಗರದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ರಸ್ತೆಯನ್ನು ಕಟ್ಟಿಹಾಕಿತ್ತು. ಬಸ್ಸು ನಿಂತಲ್ಲೇ ನಿಂತಿತು. ಎದೆಗೆ ಒತ್ತಿದ ಗಾಜು ನಿಧಾನವಾಗಿ ಅವನ ಮೈಯಷ್ಟೇ ಬೆಚ್ಚಗಾಯಿತು.

ಕೇಳುವವರಿಲ್ಲದ ಆ ಹೊತ್ತಿನಲ್ಲಿ ಅವನು ಬಾಯಿಪಾಠ ಮಾಡಿದ್ದ ಮಾತನ್ನು ಮೂರ್ಛೆ ಹೋದ ರಾಜಕುಮಾರಿಯರಿಗೇ ಹೇಳತೊಡಗಿದ.

"ಮೇಡಂ, ಈ ನೊಣದಲ್ಲಿ ಹೆಣ್ಣಿಗೆ ಎರಡು ಎಕ್ಸ್. ಗಂಡಿಗೆ ಒಂದೇ. ಜೊತೆಗೊಂದು ವೈ ಇದೆ, ನಿಜ. ಆದರೆ ಮನುಷ್ಯರ ಹಾಗೆ ಇಲ್ಲಿ ವೈ ಇದ್ದದ್ದಕ್ಕೆ ಗಂಡಾಗೋದಿಲ್ಲ. ಎಕ್ಸ್ ಒಂಟಿಯಾಗಿರೋದರಿಂದಲೇ ಅದು ಗಂಡು. ವೈನ ಉದ್ದಕ್ಕೂ ಅವೇ ನಾಲ್ಕು ಅಕ್ಷರ ತಿರುತಿರುಗಿ ಬರುತ್ತವೆ, ಜಗಲಿ ಮೇಲೆ ಕೂತ ಮುದುಕರ ಮಾತಿನ ಹಾಗೆ. ಬೀಜಕ್ಕೆ ಬೇಕಾದ ಕೆಲವು ಜೀನು ಬಿಟ್ಟರೆ ಅದು ಕಷ್ಟಸುಖಕ್ಕಾಗೋದಿಲ್ಲ. ಆಗ ಪ್ರೋಟೀನು, ಆರ್‌ಎನ್‌ಎ ಸೇರಿದ ಒಂದು ಗುಂಪು ಬಂದು ಆ ಒಂಟಿ ಎಕ್ಸಿನ ಮೈಮೇಲೆಲ್ಲ ಕೂತು, ಅದೊಂದರ ಕೈಲೇ ಎರಡರ ಕೆಲಸ ಮಾಡಿಸುತ್ತದೆ. ನಮ್ಮ ಪ್ರಿನ್ಸಿಪಾಲರ ಹಾಗೆ. ಮೇಡಂ, ನಾನೂ ಬಹಳ ದಿನದಿಂದ ಒಂದೇ ಎಕ್ಸು. ಇನ್ನೊಂದು ಜೊತೆಗಿದ್ದಿದ್ದರೆ..."

ಇಲ್ಲಿಗೆ ಬಂದಾಗಲೆಲ್ಲ ಮಾತು ಸಿಕ್ಕಿಹಾಕಿಕೊಳ್ಳುತ್ತಿತ್ತು. ಉಳಿದದ್ದು ಅವಳ ಎದುರು ಬಂದೀತೆಂದು ನಂಬಿಕೊಂಡ.

ವನಜಾಳ ಲ್ಯಾಬು ತಲುಪಿದಾಗ ಮಧ್ಯಾಹ್ನ ಎರಡು ದಾಟಿತ್ತು. ಅವಳು ಮೇಜು ಒರೆಸಿ, ಸೂಕ್ಷ್ಮದರ್ಶಕವಿಟ್ಟು, ಎರಡು ಸ್ಟೂಲು ಹಾಕಿ ಕಾದಿದ್ದಳು. ಅಕ್ಕಪಕ್ಕದಲ್ಲಿದ್ದ ಆ ಎರಡು ಸ್ಟೂಲು ಕಂಡದ್ದೇ ಪ್ರಸನ್ನನಿಗೆ ದಾರಿಯ ಕಷ್ಟವೆಲ್ಲ ಮರೆತುಹೋಯಿತು.

"ಅಯ್ಯೋ, ಎಷ್ಟು ಸುಸ್ತಾಗಿದ್ದೀರಿ ಸರ್! ಕೂತ್ಕೊಳ್ಳಿ. ಇವತ್ತು ನಾನೆಲ್ಲಾ ಕ್ಯಾನ್ಸಲ್ ಮಾಡಿ ಕೂತಿದ್ದೀನಿ, ನಿಧಾನಕ್ಕೆ ಮಾಡೋಣ."

ಅವನು ಅಂಗಿಯೊಳಗಿಂದ ಸೀಸೆ ತೆಗೆದುಕೊಟ್ಟ. ಅವಳು ಪಂಚೆಯ ತುಂಡು ಬಿಚ್ಚಿದಳು. ಒಳಗೆ ಸಂತೆ ನೆರೆದಿತ್ತು. ನೊಣಗಳು ಎದ್ದು ಕೊಡವಿಕೊಂಡು ಗಾಜಿನ ಗೋಡೆ ಹತ್ತುತ್ತಿದ್ದವು. ಪ್ರಸನ್ನ ನಿಟ್ಟುಸಿರು ಬಿಟ್ಟ. ವನಜಾ ಸೀಸೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಇನ್ನೊಮ್ಮೆ ತಿರುಗಿಸಿದಳು.

"ಸರ್, ಇದರಲ್ಲಿ ಗಂಡುಗಳಿವೆ."

"ಸಾಧ್ಯವೇ ಇಲ್ಲ ಮೇಡಂ!"

ಲೆನ್ಸು ಕಿತ್ತುಕೊಂಡು ನೋಡಿದ. ಬಾಲದ ತುದಿ ಕಪ್ಪಗಿದ್ದ, ಕಣ್ಣು ಕೆಂಡದಂತಿದ್ದ ಗಂಡುಗಳು ಸಾಲಾಗಿ ನಿಂತು, ಒಂದೊಂದೇ ರೆಕ್ಕೆ ಬಿಚ್ಚಿ ಕಂಪಿಸುತ್ತ, ರಾಜಕುಮಾರಿಯರ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದವು. ಕೆಲವು ಜೋಡಿಗಳಿಗೆ ಲೋಕದ ಪರಿವೆಯೇ ಇರಲಿಲ್ಲ. ಹದಿನೈದು ದಿನದ ಕಾವಲು ಮಣ್ಣುಪಾಲು. ಈಗ ಇವಳೆದುರು ಯಾವ ಮುಖವಿಟ್ಟು ಮಾತಾಡಲಿ?

ಆದರೆ ವನಜಾ ಚಪ್ಪಾಳೆ ತಟ್ಟಿದಳು.

"ಗಂಡೆಲ್ಲಾ ಕೆಂಗಣ್ಣು, ಹೆಣ್ಣೆಲ್ಲಾ ಬಿಳಿಗಣ್ಣು! ಕ್ರಾಸ್ ಮಾಡ್ಕೊಂಡೇ ತಂದುಬಿಟ್ಟಿದ್ದೀರಾ? ಮಧ್ಯಾಹ್ನದ ಕೆಲಸ ಅಂತ ಹೆದರಿಸಿ, ಎಂಥಾ ಸರ್‌ಪ್ರೈಸ್ ಸರ್ ಇದು!" ಗಡಿಯಾರ ನೋಡಿದಳು. "ಕೊಕ್ಕರೆ ಬೆಳ್ಳೂರಿಗೆ ಹೋಗೋಣ ಅಂತ ಅಕ್ಕನ ಮನೆಯವರು ಒಂದೇ ಸಮನೆ ಕರೀತಿದ್ರು, ಕೆಲಸ ಇದೆ, ಆಗಲ್ಲ ಅಂದಿದ್ದೆ. ಈಗ ಹೊರಟರೆ ಹಕ್ಕಿ ಗೂಡಿಗೆ ಬರೋ ಹೊತ್ತಿಗೆ ಸರಿಯಾಗಿ ಅಲ್ಲಿರ್ತೀನಿ."

ಅವಳು ಆಗಲೇ ಬ್ಯಾಗಿಗೆ ಕೈ ಹಾಕಿದ್ದಳು. ಪ್ರಸನ್ನ ಇದ್ದಬದ್ದ ಧೈರ್ಯವನ್ನೆಲ್ಲ ಕೂಡಿಸಿ, "ಮೇಡಂ, ಒಂದು ಮಾತು. ಈ ನೊಣದಲ್ಲಿ ಗಂಡಿಗೆ ಎಕ್ಸ್ ಒಂದೇ ಇರೋದು..." ಎಂದು ಆರಂಭಿಸಿದ.

"ಗೊತ್ತು ಸರ್, ಸಿಲಬಸ್‌ನಲ್ಲಿದೆ" ಎಂದು ವನಜಾ ನಕ್ಕಳು. ಮತ್ತೆ ಸೀಸೆಯ ಕತ್ತಿನ ಕಡೆ ಬೆರಳು ಮಾಡಿ, "ಇದೇನಿದು? ಅರಿಶಿಣದ ಕೊಂಬು ಕಟ್ಟಿದ್ದೀರಾ, ತಾಳಿ ಹಾಗೆ?" ಎಂದಳು.

ಆಗ ನೋಡಿದ ಪ್ರಸನ್ನ. ಹಳದಿ ದಾರ, ನಡುವೆ ಒಂದು ಪುಟ್ಟ ಅರಿಶಿಣದ ಕೊಂಬು, ಮೂರು ಗಂಟು. ಹತ್ತಿಯ ಬಿರಡೆಯ ಮೇಲೆ ನಾಲ್ಕು ಅಕ್ಷತೆ ಕಾಳು. ಬೆಳಿಗ್ಗೆ ತಾನು ತಲೆಗೆ ನೀರು ಹೊಯ್ದುಕೊಳ್ಳುತ್ತಿದ್ದಾಗ ಹಿತ್ತಲ ಕೋಣೆಯಲ್ಲಿ ಏನು ನಡೆಯಿತೆಂದು ಒಂದೇ ಏಟಿಗೆ ಕಣ್ಣಿಗೆ ಕಟ್ಟಿತು. ಸೀಸೆಯ ಬಾಯಿಗೆ ಸೀಸೆಯ ಬಾಯಿ, ಮುದುಕಿಯ ಅಂಗೈ ತಟ್ಟುತ್ತಿದೆ, ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಇಳಿಯುತ್ತಿದ್ದಾರೆ. ಬೇಕೆಂದೇ ಮನೆಯಲ್ಲಿ ಬಿಟ್ಟಿದ್ದ, ಒಂದೊಂದನ್ನೂ ಆರಿಸಿ ಇಟ್ಟಿದ್ದ ಅವೇ ಗಂಡುಗಳು.

"ನಿಮ್ಮಂಥವರು ಸಿಗೋದು ಕಷ್ಟ ಸರ್" ಎಂದಳು ವನಜಾ ಸ್ಕೂಟರಿನ ಕೀ ಹುಡುಕುತ್ತ. "ಮುಂದಿನ ವರ್ಷವೂ ಹೀಗೇ ಪೂರ್ತಿ ಸಿದ್ಧ ಮಾಡಿ ಕಳಿಸಿಬಿಡಿ. ನೀವು ಬರೋ ತೊಂದರೇನೂ ಬೇಡ, ಬಸ್ಸಲ್ಲಿ ಕೊಟ್ಟರೂ ಸಾಕು."

ಲ್ಯಾಬಿನ ಬಾಗಿಲು ಹಾಕಿಕೊಂಡಿತು. ಒಳಗೆ ಎರಡು ಸ್ಟೂಲು ಅಕ್ಕಪಕ್ಕವೇ ಉಳಿದವು.

ಬಸ್ ನಿಲ್ದಾಣದವರೆಗೆ ಬಂದ ಮೇಲೆ ಅವನಿಗೆ ಮಾತು ಕೊಟ್ಟದ್ದು ನೆನಪಾಯಿತು. ತಿರುಗಿ ಹೋಗಿ ಅರ್ಧ ಕೇಜಿ ಲಾಡು ಕಟ್ಟಿಸಿಕೊಂಡ. ಎದೆಯ ಮೇಲೆ ಸೀಸೆಯಿದ್ದ ಜಾಗ ಈಗ ಬರಿದಾಗಿ, ಬಸ್ಸು ಓಡುವಾಗ ಅಲ್ಲಿಗೇ ಗಾಳಿ ಹೊಡೆಯುತ್ತಿತ್ತು. ಮದ್ದೂರು ಹತ್ತಿರವಾದಂತೆ ಬಣ್ಣದ ಕೊಕ್ಕರೆಗಳು ಜೋಡಿ ಜೋಡಿಯಾಗಿ, ಕೊಕ್ಕಿನಲ್ಲಿ ಕಡ್ಡಿ ಕಚ್ಚಿಕೊಂಡು, ಬಸ್ಸಿನ ಮೇಲೆಯೇ ಬೆಳ್ಳೂರಿನ ಕಡೆ ಹೋದವು. ಅಲ್ಲಿ ಯಾರೋ ಕತ್ತೆತ್ತಿ ಅವನ್ನೇ ನೋಡುತ್ತಿರಬಹುದು ಎಂದುಕೊಂಡ.

ಸಣ್ಣತಾಯಮ್ಮನ ಜಗಲಿಯಲ್ಲಿ ಅಕ್ಕಪಕ್ಕದ ಹೆಂಗಸರು ನೆರೆದಿದ್ದರು. ಬಾಗಿಲಲ್ಲಿ ರಂಗೋಲಿ, ಹಿತ್ತಲ ಕೋಣೆಯ ಚಿಲಕಕ್ಕೆ ಒಂದು ಮಾವಿನೆಲೆ.

"ಬಂದ್ಯಾ ಪ್ರಸನ್ನಪ್ಪಾ! ಅವ್ರ್ನೆಲ್ಲಾ ಸುಕವಾಗಿ ಸೇರುಸ್ದ್ಯಾ? ಚೆಂದಾಗವ್ರಾ?"

ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಪ್ರಸನ್ನ ಹುಡುಕಿದ. ಮುದುಕಿಯ ಮುಖದಲ್ಲಿ ಬಡಮನೆಯೊಂದರ ಸಾಲು ಹೆಣ್ಣುಮಕ್ಕಳನ್ನು ದಡ ಮುಟ್ಟಿಸಿದವಳ ಬೆಳಕಿತ್ತು.

"ಚೆನ್ನಾಗಿದ್ದಾರೆ ಅಜ್ಜಿ" ಎಂದ.

"ನಂಗ್ ಗೊತ್ತಿತ್ತು. ಬೆಳಿಗ್ಗೇನೇ ಒಳ್ಳೆ ಮೂರ್ತ ಇತ್ತು, ನೀನ್ ಮೀಯಕ್ಕೆ ಓದ ಗಳಿಗೇಲಿ ಧಾರೆ ಎರ್ದ್‌ಬುಟ್ಟೆ. ಸಾಪ ಕಳೀತು ಬುಡು. ಇನ್ ನಿನ್ ದಾರಿ ಸಲೀಸು ಕಣ್ಲಾ."

ಅವನು ಲಾಡಿನ ಪೊಟ್ಟಣವನ್ನು ಮುಂದೆ ಹಿಡಿದ. ಹೆಂಗಸರ ಕೈಗಳು ಒಟ್ಟಿಗೆ ಮುಂದೆ ಬಂದವು. ಸಣ್ಣತಾಯಮ್ಮ ಎಲ್ಲರ ಕೈಯನ್ನೂ ತಳ್ಳಿ, ಮೊದಲನೆಯ ಲಾಡನ್ನು ಅವನ ಬಾಯಿಗೇ ತುರುಕಿದಳು.

"ಸುಮ್ಕಿರ್ರೇ! ಎಣ್ಣಿನ್ ಕಡೇವ್ನು ಇವ್ನೊಬ್ನೇಯ. ಮೊದ್ಲು ಇವ್ನ್ ತಿನ್ಲಿ."